ಎಳೆ ಕುದುರೆ ಕಚ್ಚುತ್ತದೆ, ಮೈಮೇಲೆ ನುಗ್ಗುತ್ತದೆ: ಕಾರಣ ಹುಡುಕಿ ತಿದ್ದುವ ಬಗೆ

ಈ ಕೈಪಿಡಿ 6 ತಿಂಗಳಿಂದ ಸುಮಾರು 4 ವರ್ಷದೊಳಗಿನ ಕುದುರೆಗಳಿಗೆ. ದೂರುಗಳು ಹೀಗಿರುತ್ತವೆ: ಅಂಗಿಯ ತೋಳು ಹಿಡಿದು ಎಳೆಯುತ್ತದೆ, ಜೇಬಿಗೆ ಮೂತಿ ತೂರಿಸುತ್ತದೆ, ಹಗ್ಗ ಜಗಿಯುತ್ತದೆ, ನಡೆಸುವಾಗ ಭುಜದಿಂದ ತಳ್ಳುತ್ತದೆ, ಲಾಯದ ಬಾಗಿಲು ತೆಗೆದ ಕೂಡಲೇ ಎದುರಿಗೆ ಯಾರಿದ್ದರೂ ಲೆಕ್ಕಿಸದೆ ಹೊರಗೆ ನುಗ್ಗುತ್ತದೆ. ನೋಡಲು ಬೇರೆ ಬೇರೆ ತೊಂದರೆಗಳು, ಆದರೆ ಹೆಚ್ಚಿನವುಗಳ ಮೂಲ ಒಂದೇ. ಮರಿ ಮುಂದೆ ಬಂದಾಗೆಲ್ಲ ಮನುಷ್ಯ ಹಿಂದೆ ಸರಿದಿದ್ದಾನೆ, ಅದರಿಂದ ಮರಿಗೆ ಏನೋ ಒಂದು ಸಿಕ್ಕಿದೆ. ಕಚ್ಚುವುದು ಈ ಸರಣಿಯ ಕೊನೆಯ ಹೆಜ್ಜೆ. ತಿದ್ದಬೇಕಾದದ್ದು ಅದಕ್ಕಿಂತ ಹತ್ತು ಸೆಕೆಂಡು ಮೊದಲು ನಡೆದದ್ದನ್ನು.

ಹಾಗೆಂದು ನೇರವಾಗಿ ಪಾಠಕ್ಕೆ ಇಳಿಯಬೇಡಿ. ಮೊದಲು ಮೈ ನೋಡಿ, ಆಮೇಲೆ ಮೇವು ಮತ್ತು ದಿನಚರಿ ನೋಡಿ, ಕೊನೆಗೆ ನಡತೆ. ಈ ಕ್ರಮ ತಪ್ಪಿದರೆ ಹಲ್ಲು ನೋಯುತ್ತಿರುವ ಪ್ರಾಣಿಗೆ ಶಿಸ್ತು ಕಲಿಸಲು ಹೊರಟಂತಾಗುತ್ತದೆ.

ಮೊದಲು ಮೈ

ನಿನ್ನೆಯವರೆಗೆ ಸೌಮ್ಯವಾಗಿದ್ದ ಕುದುರೆ ಇಂದು ಇದ್ದಕ್ಕಿದ್ದಂತೆ ಕಚ್ಚಲು ಬಂದರೆ ಅದು ಈ ಕೈಪಿಡಿಯ ವಿಷಯವೇ ಅಲ್ಲ. ತನ್ನ ಮೈಯನ್ನೇ ಕಚ್ಚಿಕೊಳ್ಳುವುದು, ಕಂಬ, ಗೋದಲಿ ಕಚ್ಚುವುದು, ಜೊಲ್ಲು ಸುರಿಯುವುದು, ನುಂಗಲು ಆಗದಿರುವುದು, ಹಿಂಗಾಲು ತೂರಾಡುವುದು ಇವುಗಳಲ್ಲಿ ಯಾವುದು ಕಂಡರೂ ರೇಬೀಸ್ ಇರಬಹುದೆಂದೇ ಎಣಿಸಿ. ನಾಯಿ ಕಚ್ಚಿದ್ದನ್ನು ಯಾರೂ ನೋಡಿಲ್ಲ ಎಂಬುದು ಸಮಾಧಾನವಲ್ಲ. ಬೀದಿನಾಯಿಗಳಿರುವ ಊರಿನಲ್ಲಿ ರಾತ್ರಿ ಹಿತ್ತಲಲ್ಲಿ ಏನು ನಡೆಯಿತೆಂದು ಹೇಳಲಾಗದು. ಬಾಯೊಳಗೆ ಕೈ ಹಾಕಬೇಡಿ, ಕುದುರೆಯನ್ನು ಒಂಟಿಯಾಗಿ ಕೂಡಿಹಾಕಿ, ಪಶುವೈದ್ಯರನ್ನು ಕರೆಸಿ. ಕಚ್ಚಿಸಿಕೊಂಡವರು, ಜೊಲ್ಲು ತಾಗಿಸಿಕೊಂಡವರು ಆ ಜಾಗವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಅಂಥದ್ದೇನೂ ಇಲ್ಲದಿದ್ದರೆ ಮುಂದಿನದು ಹಲ್ಲು. ಎಳೆಯ ಕುದುರೆಯ ಬಾಯಿ ವರ್ಷಗಟ್ಟಲೆ ಸುಮ್ಮನಿರುವುದಿಲ್ಲ. ಮುಂದಿನ ನಡುಹಲ್ಲುಗಳು ಸುಮಾರು ಎರಡೂವರೆ ವರ್ಷಕ್ಕೆ, ಅವುಗಳ ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ ಬದಲಾಗುತ್ತವೆ. ಒಳಗಿನ ದವಡೆಯ ಹಾಲುಹಲ್ಲುಗಳೂ ಎರಡೂವರೆಯಿಂದ ನಾಲ್ಕು ವರ್ಷದೊಳಗೆ ಉದುರುತ್ತವೆ. ಹೊಸ ಹಲ್ಲಿನ ತಲೆಯ ಮೇಲೆ ಹಳೆಯದು ಟೋಪಿಯಂತೆ ಸಿಕ್ಕಿಕೊಂಡರೆ ವಸಡು ಊದಿ, ಮರಿ ಸಿಕ್ಕಿದ್ದನ್ನೆಲ್ಲ ಜಗಿಯುತ್ತದೆ. ಇದಲ್ಲದೆ, 6 ತಿಂಗಳಿಂದ ಒಂದು ವರ್ಷದೊಳಗೆ ದವಡೆ ಹಲ್ಲಿನ ಮುಂದೆ ಸಣ್ಣ 'ತೋಳಹಲ್ಲು' ಮೂಡುವುದುಂಟು. ಕಡಿವಾಣ ಹಾಕಲು ಶುರುಮಾಡುವ ವೇಳೆಗೆ ಅದು ತಗುಲಿ ನೋಯಿಸಬಹುದು. ಮೇವಿನ ಉಂಡೆ ಬಾಯಿಂದ ಬೀಳುವುದು, ತಲೆ ಒಂದು ಕಡೆಗೆ ಓರೆ ಮಾಡಿ ಅಗಿಯುವುದು, ಕೆಳದವಡೆಯ ಅಂಚಿನಲ್ಲಿ ಗಂಟು ಸಿಗುವುದು ಹಲ್ಲಿನ ತೊಂದರೆಯ ಗುರುತು. ಆದರೆ ಹಲ್ಲು ಬರುವ ದಿನಗಳಲ್ಲಿ ಕೆಳದವಡೆಯಲ್ಲಿ ಎರಡೂ ಕಡೆ ಸಮನಾಗಿ ಉಬ್ಬು ಕಾಣುವುದು ಸಹಜ. ಒಂದೇ ಕಡೆ ಇದ್ದರೆ, ಬಿಸಿಯಾಗಿದ್ದರೆ ತೋರಿಸಿ. 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಬಾಯಿ ನೋಡಿಸುವುದು ಒಳ್ಳೆಯದು.

ವಯಸ್ಸಿನ ಲೆಕ್ಕದಲ್ಲಿ ಒಂದು ಎಚ್ಚರಿಕೆ. ರೇಸಿನ ಥರೋಬ್ರೆಡ್ ತಳಿಯ ಕುದುರೆಗಳ ವಯಸ್ಸನ್ನು ಭಾರತದಲ್ಲಿ ಜನವರಿ 1ರಿಂದ ಎಣಿಸುತ್ತಾರೆ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿ ಕಾಗದದಲ್ಲಿ ಎರಡು ವರ್ಷದ್ದಾದಾಗ ನಿಜಕ್ಕೆ 21 ತಿಂಗಳೂ ಆಗಿರುವುದಿಲ್ಲ. ಪುಷ್ಕರ, ಸಾರಂಗಖೇಡಾ ಜಾತ್ರೆಗಳಿಂದ ಬರುವ ಮಾರವಾಡಿ, ಕಾಠಿಯಾವಾಡಿ ಮರಿಗಳಿಗೆ ಎಷ್ಟೋ ಸಲ ಕಾಗದವೇ ಇರುವುದಿಲ್ಲ. ಮಾರಿದವರ ಮಾತಿಗಿಂತ ಹಲ್ಲನ್ನು ನಂಬಿ.

ಮೂರನೆಯದು ಹೊಟ್ಟೆ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಮೇವು ಇದ್ದರೂ ಇಲ್ಲದಿದ್ದರೂ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೇವು ಹಾಕುವ ಲಾಯಗಳಲ್ಲಿ ಹುಣ್ಣಾಗುವುದಕ್ಕೆ ಇದೇ ಕಾರಣ. ಜೀನಿನ ಹೊಟ್ಟೆಯ ಪಟ್ಟಿ ಬಿಗಿಯುವಾಗ ಅಥವಾ ಪಕ್ಕೆ ಉಜ್ಜುವಾಗ ಮಾತ್ರ ತಿರುಗಿ ಕಚ್ಚುವುದು, ಕಾಳು ಅರ್ಧಕ್ಕೆ ಬಿಡುವುದು, ಕೂದಲು ಮಂಕಾಗುವುದು ಕಂಡರೆ ಹುಣ್ಣಿನ ಅನುಮಾನ ಬರಲಿ. ಜೊತೆಗೆ ಬೆನ್ನಿನ ಮೇಲೆ ಬೆರಳು ಒತ್ತಿ ನೋಡಿ, ಪಟ್ಟಿ ಕೂರುವ ಜಾಗದಲ್ಲಿ ಗಾಯ, ಉಣ್ಣೆಹುಳ, ತುರಿ ಇದೆಯೇ ನೋಡಿ. ಒಂದೇ ಜಾಗ ಮುಟ್ಟಿದಾಗ, ಒಂದೇ ಕೆಲಸ ಮಾಡುವಾಗ ಮಾತ್ರ ಕಚ್ಚುವ ಕುದುರೆ ನೋವು ಹೇಳುತ್ತಿದೆ. ಎಲ್ಲೆಡೆ, ಎಲ್ಲರನ್ನೂ ಕಚ್ಚುವ ಕುದುರೆ ಅಭ್ಯಾಸ ತೋರಿಸುತ್ತಿದೆ.

ಇದು ಯಾವ ಬಗೆಯ ಬಾಯಿ?

ಎಳೆಯ ಮರಿ ದೊಡ್ಡ ಕುದುರೆಯ ಎದುರು ಕತ್ತು ಚಾಚಿ, ತುಟಿ ಹಿಂದೆ ಸೆಳೆದು, ದವಡೆ ಪಟಪಟ ಆಡಿಸುತ್ತದೆ. ಹಲ್ಲು ಕಾಣುತ್ತದೆ, ಆದರೆ ಅದು ಕಚ್ಚುವುದಲ್ಲ, 'ನಾನು ಚಿಕ್ಕವನು' ಎಂಬ ಶರಣಾಗತಿ. ಮನುಷ್ಯರಿಗೂ ಹೀಗೆ ಮಾಡುವುದುಂಟು. ಅದಕ್ಕೆ ಹೊಡೆದರೆ ಮರಿಗೆ ಮುಂದೆ ದಾರಿಯೇ ಇರುವುದಿಲ್ಲ.

ತುಟಿಯಿಂದ ತಡಕಾಡುವುದು ಕುತೂಹಲ. ಕುದುರೆಗೆ ತನ್ನ ಮೂತಿಯ ತುದಿಗೆ ನೇರ ಮುಂದಿರುವುದು ಕಾಣುವುದಿಲ್ಲ, ಅಲ್ಲಿ ಅದರ ಕಣ್ಣು ಅಂದರೆ ತುಟಿ ಮತ್ತು ಮೀಸೆಕೂದಲು. ಕಿವಿ ಮುಂದಕ್ಕಿದ್ದು, ಮೂಗಿನ ಹೊಳ್ಳೆ ಸಡಿಲವಾಗಿದ್ದರೆ ಇದೇ. ಬೆನ್ನಿನ ಮೇಲಿನ ಭುಜದ ಗುಡ್ಡೆ ಕೆರೆಯುವಾಗ ತಿರುಗಿ ನಿಮ್ಮ ಹೆಗಲನ್ನು ಹಲ್ಲಿನಿಂದ ಉಜ್ಜುವುದು ಇನ್ನೊಂದು ಬಗೆ. ಎರಡು ಕುದುರೆಗಳು ಹೀಗೆಯೇ ಪರಸ್ಪರ ಮೈ ಕೆರೆದುಕೊಳ್ಳುತ್ತವೆ, ಋಣ ತೀರಿಸುತ್ತಿದೆಯಷ್ಟೆ. ಬೈಯಬೇಡಿ, ಮೂತಿಯನ್ನು ಮುಂಗೈಯಿಂದ ನೇರ ಮುಂದಕ್ಕೆ ತಿರುಗಿಸಿ ಕೆರೆಯುವುದನ್ನು ಮುಂದುವರಿಸಿ.

ಗಂಡುಮರಿಗಳ ಆಟವೇ ಕಚ್ಚಾಟ. ಕುತ್ತಿಗೆ ಕಚ್ಚುವುದು, ಮುಂಗಾಲು ಕಚ್ಚುವುದು, ಹಿಂಗಾಲ ಮೇಲೆ ನಿಲ್ಲುವುದು. ಒಡನಾಡಿಯಿಲ್ಲದ ಮರಿ ಆ ಆಟವನ್ನು ನಿಮ್ಮ ಜೊತೆ ಆಡಲು ನೋಡುತ್ತದೆ. ಕಚ್ಚಿ ಓಡುವುದು, ಮತ್ತೆ ಬರುವುದು ಇದರ ಗುರುತು. ನೀವು ಕೈ ಬೀಸಿದಷ್ಟೂ ಆಟ ರಂಗೇರುತ್ತದೆ.

ನಮ್ಮಲ್ಲಿ ಅತಿ ಸಾಮಾನ್ಯವಾದದ್ದು ಬೇಡುವ ಬಾಯಿ. ಬೆಲ್ಲ, ಕ್ಯಾರೆಟ್, ಬಿಸ್ಕತ್ತು ಕೊಟ್ಟ ಕೈಗಳು ಕಲಿಸಿದ್ದು. ದಿನವೂ ಕೊಡುವುದಕ್ಕಿಂತ ಒಮ್ಮೊಮ್ಮೆ ಕೊಡುವುದು ಹೆಚ್ಚು ಕೆಡಿಸುತ್ತದೆ, ಏಕೆಂದರೆ ಯಾವ ಸಲ ಸಿಗುತ್ತದೋ ಗೊತ್ತಿಲ್ಲದ ಮರಿ ಪ್ರತಿ ಸಲವೂ ಪ್ರಯತ್ನಿಸುತ್ತದೆ.

ಕೊನೆಯದು ಬೆದರಿಕೆ. ಕಿವಿ ಕುತ್ತಿಗೆಗೆ ಅಂಟಿರುತ್ತದೆ, ಹೊಳ್ಳೆ ಸುಕ್ಕುಗಟ್ಟಿರುತ್ತದೆ, ಗಲ್ಲ ಬಿಗಿದಿರುತ್ತದೆ, ತಲೆ ಹಾವಿನಂತೆ ತಗ್ಗಿ ಮುಂದೆ ಬರುತ್ತದೆ. ಇಲ್ಲಿ ಕಚ್ಚಿದರೆ ಮಾಂಸ ಬರುತ್ತದೆ. ಈ ಬಗೆಯದಾದರೆ ಕೆಳಗಿನ ಪಾಠಗಳನ್ನು ನೀವೇ ಮಾಡಲು ಹೋಗಬೇಡಿ, ಕೊನೆಯ ಭಾಗ ಓದಿ.

ಹತ್ತು ನಿಮಿಷದ ಪರೀಕ್ಷೆ

ಬೇಕಾದದ್ದು: ಸರಿಯಾಗಿ ಕೂರುವ ಹಾಲ್ಟರ್ (ಕಡಿವಾಣವಿಲ್ಲದ ತಲೆಪಟ್ಟಿ), 3ರಿಂದ 3.5 ಮೀಟರ್ ಉದ್ದದ ದಪ್ಪ ಹತ್ತಿ ಹಗ್ಗ, ಕೈಗವಸು, ಹೆಲ್ಮೆಟ್, ಬೆರಳು ಮುಚ್ಚುವ ಗಟ್ಟಿ ಬೂಟು, ಸ್ವಲ್ಪ ಸುಣ್ಣದ ಪುಡಿ, ಫೋನ್ ಹಿಡಿಯಲು ಇನ್ನೊಬ್ಬರು. ಹಾಲ್ಟರ್‌ನ ಮೂಗುಪಟ್ಟಿ ಕೆನ್ನೆಮೂಳೆಯ ಅಂಚಿಗಿಂತ ಎರಡು ಬೆರಳು ಕೆಳಗಿರಲಿ, ಒಳಗೆ ಎರಡು ಬೆರಳು ಆಡಲಿ. ಅದಕ್ಕಿಂತ ಕೆಳಗಿಳಿದರೆ ಮೂಗಿನ ತೆಳು ಮೂಳೆ, ಮೃದ್ವಸ್ಥಿಯ ಮೇಲೆ ಒತ್ತಿ ನೋವಾಗುತ್ತದೆ, ಉಸಿರೂ ಕಟ್ಟುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು, ಮಡಿಸಿ ಹಿಡಿಯಬೇಕು.

ಸಮತಟ್ಟಾದ ಜಾಗದಲ್ಲಿ ನಿಮ್ಮ ಸುತ್ತ ಕೈಚಾಚಿನಷ್ಟು ದೂರಕ್ಕೆ ಸುಣ್ಣದಲ್ಲಿ ವೃತ್ತ ಎಳೆಯಿರಿ. ಒಳಗೆ ನಿಂತು, ಹಗ್ಗ ಸಡಿಲ ಬಿಟ್ಟು, ಐದು ನಿಮಿಷ ಸುಮ್ಮನಿರಿ. ಆಮೇಲೆ ಐದು ನಿಮಿಷ ಮಾಮೂಲಿನಂತೆ ನಡೆಸಿ, ನಿಲ್ಲಿಸಿ, ಮೈ ಉಜ್ಜಿ. ಇಷ್ಟನ್ನೂ ವಿಡಿಯೊ ಮಾಡಿಸಿ.

ವಿಡಿಯೊದಲ್ಲಿ ನೋಡಬೇಕಾದದ್ದು ಒಂದೇ: ಮೊದಲು ಕಾಲು ಎತ್ತಿಟ್ಟವರು ಯಾರು? ಮೂತಿ ಗೆರೆ ದಾಟಿದಾಗ ನಿಮ್ಮ ಹಿಮ್ಮಡಿ ಅರ್ಧ ಅಡಿ ಹಿಂದೆ ಹೋಗಿರುತ್ತದೆ, ನಿಮಗೇ ಗೊತ್ತಾಗಿರುವುದಿಲ್ಲ. ಕಚ್ಚಿದ ಕ್ಷಣದಿಂದ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ನಿಧಾನವಾಗಿ ನೋಡಿ. ಮೊದಲು ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ಭುಜದ ಭಾರ ನಿಮ್ಮತ್ತ ವಾಲುತ್ತದೆ, ಮೇಲ್ತುಟಿ ಮುಂದೆ ಚಾಚುತ್ತದೆ, ಆಮೇಲೆ ಹಲ್ಲು. ಭುಜ ವಾಲಿದಾಗಲೇ ತಡೆದಿದ್ದರೆ ಹಲ್ಲಿನವರೆಗೆ ಬರುತ್ತಿರಲಿಲ್ಲ.

ಅದೇ ಪರೀಕ್ಷೆಯನ್ನು ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಕೈಯಲ್ಲೂ, ಮನೆಯ ಇನ್ನೊಬ್ಬರ ಕೈಯಲ್ಲೂ ಮಾಡಿಸಿ. ಸೈಸ್ ಹತ್ತಿರ ಸುಮ್ಮನಿದ್ದು ಯಜಮಾನರನ್ನು ಮಾತ್ರ ಕಚ್ಚುವ ಮರಿಗಳು ಬಹಳ. ಅಲ್ಲಿ ತಿದ್ದಿಕೊಳ್ಳಬೇಕಾದವರು ಯಾರೆಂದು ಹೇಳಬೇಕಿಲ್ಲ.

ಮೇವು, ಮೈದಾನ, ಜೊತೆ

300 ಕೆ.ಜಿ. ಮರಿಗೆ ದಿನಕ್ಕೆ ತನ್ನ ತೂಕದ ಶೇ. 2ರಷ್ಟು, ಅಂದರೆ 6 ಕೆ.ಜಿ. ಒಣ ಅಂಶ ಬೇಕು. ಅದರಲ್ಲಿ ಹೆಚ್ಚಿನ ಪಾಲು ನಾರಿನ ಮೇವಾಗಿರಲಿ. ಎಲ್ಲವನ್ನೂ ಒಣಹುಲ್ಲಿನಲ್ಲೇ ಕೊಟ್ಟರೆ ಆರೂವರೆ ಕೆ.ಜಿ. ಆಗುತ್ತದೆ. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ 25 ಕೆ.ಜಿ. ದಾಟುತ್ತದೆ. ಗರಿಕೆ ಹುಲ್ಲು, ಒಣಹುಲ್ಲನ್ನು ನಾಲ್ಕು ಪಾಲು ಮಾಡಿ, ಕೊನೆಯ ಪಾಲು ರಾತ್ರಿ ಮಲಗುವ ಮುನ್ನ ಹಾಕಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಒಳ್ಳೆಯದು, ಆದರೆ ಪುಷ್ಟಿ ಹೆಚ್ಚು. ಅದನ್ನು ಪೂರ್ತಿ ಮೇವಾಗಿ ಮಾಡಬೇಡಿ.

ಹುರುಳಿ, ಕಡಲೆ, ಓಟ್ಸ್ ಜಾಸ್ತಿಯಾಗಿ ಕೆಲಸ ಕಡಿಮೆಯಾದ ಮರಿ ಕಚ್ಚದೆ ಇನ್ನೇನು ಮಾಡೀತು? 'ಮರಿ ಬೆಳೆಯಲಿ' ಎಂದು ಬೇಯಿಸಿದ ಹುರುಳಿಯನ್ನು ಬಕೆಟ್ಟುಗಟ್ಟಲೆ ಹಾಕಿ, 12 ಅಡಿಯ ಕೋಣೆಯಲ್ಲಿ 22 ಗಂಟೆ ಕಟ್ಟಿಹಾಕುವುದು ತೋಟದ ಮನೆಗಳಲ್ಲಿ ಕಾಣುವ ದೊಡ್ಡ ತಪ್ಪು. ಕಾಳನ್ನು ಅರ್ಧಕ್ಕಿಳಿಸಿ, ನಾರು ಹೆಚ್ಚಿಸಿ, ಬಯಲಿಗೆ ಬಿಡಿ. ಬದಲಾವಣೆಯನ್ನು ಒಂದೇ ದಿನ ಮಾಡದೆ 7ರಿಂದ 10 ದಿನಗಳಲ್ಲಿ ಮಾಡಿ, ಇಲ್ಲವಾದರೆ ಹೊಟ್ಟೆನೋವು ಬರುತ್ತದೆ.

ಜೊತೆ ಅದಕ್ಕಿಂತ ಮುಖ್ಯ. ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮ್‌ಗಳಲ್ಲಿ ತಾಯಿ ಬಿಡಿಸಿದ ಮರಿಗಳು ಓರಗೆಯವುಗಳ ಗುಂಪಿನಲ್ಲಿ ಬೆಳೆಯುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಒದೆಯುತ್ತದೆ ಎಂಬುದನ್ನು ಅಲ್ಲೇ ಕಲಿಯುತ್ತವೆ. ಆರನೇ ತಿಂಗಳಿಗೆ ಒಂಟಿಯಾಗಿ ತೋಟಕ್ಕೆ ಬಂದ ಮರಿಗೆ ಆ ಪಾಠ ತಪ್ಪಿರುತ್ತದೆ. ಬಾಟಲಿ ಹಾಲು ಕುಡಿದು ಬೆಳೆದ ತಬ್ಬಲಿ ಮರಿಯದಂತೂ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಮನುಷ್ಯ ಎಂದರೆ ಭಯವೂ ಇಲ್ಲ, ಅಂತರವೂ ಇಲ್ಲ. ಇಂಥ ಮರಿಯನ್ನು ದಿನಕ್ಕೆ ಕೆಲವು ಗಂಟೆಯಾದರೂ ತಾಳ್ಮೆಯ, ವಯಸ್ಸಾದ ಹೆಣ್ಣುಕುದುರೆ ಅಥವಾ ಬೀಜ ಒಡೆದ ಗಂಡಿನ ಜೊತೆ ಬಿಡಿ. ಮೊದಲ ಕೆಲವು ದಿನ ಬೇಲಿಯ ಆಚೀಚೆ ಪರಿಚಯವಾಗಲಿ. ಆ ಹಿರಿಯ ಕುದುರೆ ಒಂದು ವಾರದಲ್ಲಿ ಕಲಿಸುವುದನ್ನು ನಾವು ತಿಂಗಳುಗಟ್ಟಲೆ ಕಲಿಸಲಾರೆವು.

ತಿದ್ದುವ ಪಾಠ

ದಿನಕ್ಕೆ ಎರಡು ಸಲ, ಒಂದೊಂದು ಸಲ 10ರಿಂದ 15 ನಿಮಿಷ ಸಾಕು. ಎಳೆಯ ಮರಿಯ ಗಮನ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬೇಸರವಾದ ಮರಿ ಬಾಯಿಯಿಂದಲೇ ಅದನ್ನು ಹೇಳುತ್ತದೆ. ಹಸಿದ ಹೊಟ್ಟೆಯಲ್ಲಿ, ಕಾಳಿನ ಹೊತ್ತಿಗೆ ಮುಂಚೆ ಪಾಠ ಬೇಡ.

ಮೊದಲ ದಿನದಿಂದಲೇ ಕೈಯಿಂದ ತಿನ್ನಿಸುವುದು ನಿಲ್ಲಲಿ. ಮನೆಯವರು, ನೆಂಟರು, ಮಕ್ಕಳು, ಯಾರೂ ಕೊಡಬಾರದು. ಕೊಡಬೇಕೆನಿಸಿದ್ದನ್ನು ಗೋದಲಿಗೆ ಹಾಕಿ. ನಿಲ್ಲಿಸಿದ ಮೇಲೆ ಮೂರು ನಾಲ್ಕು ದಿನ ಕಾಟ ಹೆಚ್ಚುತ್ತದೆ. ಇದುವರೆಗೆ ಫಲ ಕೊಟ್ಟಿದ್ದನ್ನು ಮರಿ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಆಗ 'ಇವತ್ತೊಂದು ದಿನ' ಎಂದು ಕೊಟ್ಟರೆ ಜೋರು ಮಾಡಿದರೆ ಸಿಗುತ್ತದೆ ಎಂದು ಕಲಿಸಿದಂತೆ.

ಇನ್ನು ಹಿಂದಡಿ ಇಡುವುದನ್ನು ಕಲಿಸಬೇಕು. ಎಲ್ಲ ಪಾಠಗಳ ಬೇರು ಇದು. ನೇರ ಎದುರಿಗಲ್ಲ, ತುಸು ಎಡಕ್ಕೆ, ಭುಜದ ಹತ್ತಿರ ನಿಲ್ಲಿ. ಎದೆ ಮತ್ತು ಭುಜ ಕೂಡುವ ಕುಳಿಯಲ್ಲಿ ಎರಡು ಬೆರಳಿಟ್ಟು ಹಗುರಾಗಿ ಒತ್ತಿ, 'ಹಿಂದೆ' ಎನ್ನಿ. ಮೂರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಒತ್ತಡ ಹೆಚ್ಚಿಸಿ, ಇನ್ನೂ ಬರದಿದ್ದರೆ ಹೆಬ್ಬೆರಳ ಗಿಣ್ಣಿನಿಂದ ಒತ್ತಿ. ಕಾಲು ಎತ್ತುವವರೆಗೂ ಕಾಯಬೇಡಿ, ಭಾರ ಹಿಂದಕ್ಕೆ ಜರುಗಿದ ತಕ್ಷಣ ಬೆರಳು ತೆಗೆಯಿರಿ. ಮರಿ ಕಲಿಯುವುದು ಒತ್ತಿದ್ದರಿಂದಲ್ಲ, ಬಿಟ್ಟಿದ್ದರಿಂದ. ಒಂದು ಸೆಕೆಂಡು ತಡವಾಗಿ ಬಿಟ್ಟರೆ ಅಷ್ಟರಲ್ಲಿ ಅದು ಬೇರೇನೋ ಮಾಡಿರುತ್ತದೆ, ಅದನ್ನೇ ಕಲಿಯುತ್ತದೆ. ಅರ್ಧ ಹೆಜ್ಜೆ, ಒಂದು ಹೆಜ್ಜೆ, ಆಮೇಲೆ ನಾಲ್ಕು ಹೆಜ್ಜೆ. ಬೆರಳಿಗೆ ಉತ್ತರ ಬಂದ ಮೇಲೆ ಹಗ್ಗವನ್ನು ಪಕ್ಕಕ್ಕೆ ಅಲುಗಿಸಿ ಅದೇ ಕೆಲಸ ಮಾಡಿಸಿ, ಕೊನೆಗೆ ಬರೀ ಮಾತಿಗೆ.

ಈಗ ಸುಣ್ಣದ ವೃತ್ತಕ್ಕೆ ಬನ್ನಿ. ಮೂತಿ ಗೆರೆ ದಾಟಿದರೆ 'ಹಿಂದೆ' ಎಂದು ಗೆರೆಯಾಚೆ ಕಳಿಸಿ, ನೀವು ಸುಮ್ಮನಾಗಿ. ಕಾಲು ಕದಲಿಸಬೇಡಿ. ಮರಿ ಮೂತಿಯನ್ನು ನೇರ ಮುಂದಿಟ್ಟು ಐದು ಸೆಕೆಂಡು ನಿಂತರೆ ಹತ್ತಿರ ಹೋಗಿ ಭುಜದ ಗುಡ್ಡೆಯನ್ನು ಚೆನ್ನಾಗಿ ಕೆರೆಯಿರಿ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತವೇ ಇಳಿಯುತ್ತದೆ, ಬೆಲ್ಲಕ್ಕಿಂತ ದೊಡ್ಡ ಬಹುಮಾನ ಅದು. ಐದು ಸೆಕೆಂಡನ್ನು ವಾರದಲ್ಲಿ ಒಂದು ನಿಮಿಷಕ್ಕೆ ಬೆಳೆಸಿ.

ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ಮೂತಿ ತಿರುಗಿದರೆ ಮೊಣಕೈಯನ್ನು ಹೊರಗೆ ಚಾಚಿ ಅಲ್ಲೇ ಇರಿಸಿ. ನೀವು ಹೊಡೆಯಬೇಡಿ, ಮರಿಯೇ ಬಂದು ಮೊಣಕೈಗೆ ತಾಗಿಕೊಳ್ಳಲಿ. ಈ ವ್ಯತ್ಯಾಸ ಸಣ್ಣದಲ್ಲ. ಕೈ ಬೀಸಿ ಬಂದರೆ ಮರಿಗೆ ಅದು ಆಟ ಅಥವಾ ಹೆದರಿಕೆ. ತಾನೇ ಹೋಗಿ ತಾಗಿದರೆ ಅದು ಕಂಬವಿದ್ದ ಹಾಗೆ, ಮುನಿಸಿಕೊಳ್ಳಲು ಏನೂ ಇಲ್ಲ.

ಇಷ್ಟಾದರೂ ಹಲ್ಲು ತಾಗಿತು ಎನ್ನಿ. ಒಂದು ಸೆಕೆಂಡಿನೊಳಗೆ ಗಟ್ಟಿಯಾಗಿ 'ಏಯ್' ಎಂದು, ಹಗ್ಗ ಅಲುಗಿಸುತ್ತ, ಐದಾರು ಹೆಜ್ಜೆ ಚುರುಕಾಗಿ ಹಿಂದಕ್ಕೆ ನಡೆಸಿ. ನಿಲ್ಲಿಸಿ. ಮುಗಿಯಿತು. ಮತ್ತೆ ಮೊದಲಿನ ಕೆಲಸಕ್ಕೆ ಏನೂ ಆಗಿಲ್ಲವೆಂಬಂತೆ ಮರಳಿ. ಮೂರು ಸೆಕೆಂಡು ಕಳೆದಿದ್ದರೆ ಏನೂ ಮಾಡಬೇಡಿ, ಆಗ ಕೊಟ್ಟ ಶಿಕ್ಷೆ ಯಾವುದಕ್ಕೆಂದು ಕುದುರೆಗೆ ತಿಳಿಯುವುದಿಲ್ಲ. ಮೂತಿಗೆ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಆಟದ ಮರಿಗೆ ಅದು ಪಂದ್ಯ, ಅಂಜುವ ಮರಿಗೆ ಅದು ಆಘಾತ. ಎರಡನೆಯದು ಮುಂದೆ ಹಾಲ್ಟರ್ ಹಾಕಲು ಕೈಯೆತ್ತಿದರೂ ತಲೆ ಎಗರಿಸುತ್ತದೆ. ಮೊದಲನೆಯದು ಕಚ್ಚಿ ತಕ್ಷಣ ತಲೆ ಹಿಂದೆಗೆಯಲು ಕಲಿತು, ಎಚ್ಚರಿಕೆ ಕೊಡದೆ ಕಚ್ಚುವ ಕುದುರೆಯಾಗುತ್ತದೆ.

ಎಲ್ಲೆಲ್ಲಿ ಹಳಿ ತಪ್ಪುತ್ತದೆ

ನಡೆಸುವಾಗ ಭುಜ ಒತ್ತುತ್ತಿದ್ದರೆ ನೀವು ತೀರಾ ಹತ್ತಿರ, ಹಾಲ್ಟರ್‌ನ ಕೆಳಗೇ ಹಗ್ಗ ಹಿಡಿದಿರುತ್ತೀರಿ. ಹಿಡಿದೆಳೆದ ಕಡೆಗೆ ಎದುರು ಒತ್ತುವುದು ಕುದುರೆಯ ಸ್ವಭಾವ. ಗಲ್ಲದಿಂದ ಎರಡು ಅಡಿ ಹಗ್ಗ ಬಿಟ್ಟು ಹಿಡಿಯಿರಿ, ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ, ಎರಡು ಹಿಂದಡಿ ಇಡಿಸಿ, ಮರಿಯನ್ನು ನಿಮ್ಮಿಂದ ಆಚೆ ಕಡೆಗೆ ತಿರುಗಿಸಿ. ನಿಮ್ಮ ಕಡೆಗೇ ತಿರುಗಿಸುತ್ತಿದ್ದರೆ ಮರಿ ನಿಮ್ಮ ಜಾಗಕ್ಕೆ ಬರುವುದನ್ನು ನೀವೇ ಅಭ್ಯಾಸ ಮಾಡಿಸಿದಂತೆ.

ಬಾಗಿಲಲ್ಲಿ ನುಗ್ಗುವುದಕ್ಕೆ ಬಾಗಿಲೇ ಮದ್ದು. ಒಂದು ಗೇಣು ತೆಗೆಯಿರಿ, ಮರಿ ಮುಂದೆ ಬಂದರೆ ಮುಚ್ಚಿ, ಹಿಂದೆ ಕಳಿಸಿ, ಮತ್ತೆ ತೆಗೆಯಿರಿ. ಸಡಿಲ ಹಗ್ಗದಲ್ಲಿ ನಿಂತಾಗ ಮಾತ್ರ ಪೂರ್ತಿ ತೆಗೆದು ನೀವು ಮೊದಲು ಹೊರಗೆ ಬನ್ನಿ. ಮೊದಲ ದಿನ ಇದಕ್ಕೇ ಇಪ್ಪತ್ತು ನಿಮಿಷ ಹಿಡಿಯಬಹುದು, ಆ ದಿನ ಬೇರೆ ಪಾಠ ಬೇಡ. ಕಾಳಿನ ಬಕೆಟ್ಟಿಗೂ ಇದೇ ರೀತಿ: ಎರಡು ಹೆಜ್ಜೆ ಹಿಂದೆ ನಿಂತ ಮೇಲೆ ಬಕೆಟ್ಟು ಇಳಿಯುತ್ತದೆ.

ಹಗ್ಗ ಜಗಿಯುವುದನ್ನು ಎಳೆದಾಡಿ ಬಿಡಿಸಬೇಡಿ. ಹಗ್ಗದ ಕೊಕ್ಕೆ ತೂಗಾಡದಂತೆ ನೋಡಿಕೊಳ್ಳಿ, ಮರಿಗೆ ಕೆಲಸ ಕೊಡಿ, ಕಾಲು ನಡೆಯುವಾಗ ಬಾಯಿ ಸುಮ್ಮನಿರುತ್ತದೆ. ಕೆಲವರು ಮೂತಿಗೆ ಸರಪಳಿ ಹಾಕುತ್ತಾರೆ. ಕಲಿಯದ ಮರಿ ಅದಕ್ಕೆ ಹೆದರಿ ಹಿಂಗಾಲ ಮೇಲೆದ್ದು ಹಿಂದಕ್ಕೆ ಬಿದ್ದರೆ ತಲೆಬುರುಡೆ ಒಡೆಯುತ್ತದೆ, ಆ ದಾರಿ ಬೇಡ.

ಎಲ್ಲ ಸರಿಯಾಗಿ ಮಾಡಿದರೂ ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ, ಸಾಮಾನ್ಯವಾಗಿ ಲಾಯದಲ್ಲಿ ಯಾರೋ ಒಬ್ಬರು ಬೇರೆ ನಿಯಮ ನಡೆಸುತ್ತಿರುತ್ತಾರೆ. ಮಧ್ಯಾಹ್ನ ಮೂಗಿನ ಜೊತೆ ಆಡುವ ಹುಡುಗ, ಸಂಜೆ ಬಾಳೆಹಣ್ಣು ತರುವ ಅಜ್ಜಿ. ನಿಯಮಗಳನ್ನು ಲಾಯದ ಬಾಗಿಲ ಮೇಲೆ ಬರೆದು ಹಾಕಿ. ಮುಖ, ಮೂಗು, ತುಟಿ ಹಿಡಿದು ಆಡುವಂತಿಲ್ಲ ಎಂಬುದು ಮೊದಲ ಸಾಲಿರಲಿ. ಹುಟ್ಟಿದಾಗ ಥರೋಬ್ರೆಡ್ ಮರಿ ಸುಮಾರು 50 ಕೆ.ಜಿ., ಒಂದು ವರ್ಷಕ್ಕೆ 300 ಕೆ.ಜಿ. ಆಸುಪಾಸು. ಆಗ ಮುದ್ದಾಗಿದ್ದ ತಳ್ಳಾಟ ಈಗ ಪಕ್ಕೆಲುಬು ಮುರಿಯುತ್ತದೆ.

ಬೀಜ ಒಡೆಸುವುದು

ತಳಿಗೆ ಬಳಸುವ ಉದ್ದೇಶವಿಲ್ಲದ ಗಂಡುಮರಿಯನ್ನು ಹಾಗೇ ಉಳಿಸಿಕೊಳ್ಳುವುದಕ್ಕೆ ಒಳ್ಳೆಯ ಕಾರಣ ಇಲ್ಲ ಎಂಬುದು ನಮ್ಮ ಅಭಿಪ್ರಾಯ. 6 ತಿಂಗಳಿಂದ 2 ವರ್ಷದೊಳಗೆ, ಎರಡು ಬೀಜಗಳೂ ಇಳಿದಿರುವುದನ್ನು ಪಶುವೈದ್ಯರು ನೋಡಿದ ಮೇಲೆ, ಮಳೆ ಮತ್ತು ನೊಣ ಕಡಿಮೆ ಇರುವ ನವೆಂಬರ್‌ನಿಂದ ಫೆಬ್ರುವರಿಯ ದಿನಗಳಲ್ಲಿ ಮಾಡಿಸಿ. ಧನುರ್ವಾಯುವಿನ ಲಸಿಕೆ ಮೊದಲೇ ಆಗಿರಬೇಕು. ವೈದ್ಯರು ಹೇಳಿದ ದಿನದಿಂದ ದಿನವೂ ನಡೆಸಿ, ನಿಂತಲ್ಲೇ ನಿಂತರೆ ಬಾವು ಇಳಿಯುವುದಿಲ್ಲ. ಹಾರ್ಮೋನಿನ ಬಿಸಿ ತಗ್ಗಲು ಆರರಿಂದ ಎಂಟು ವಾರ ಬೇಕು, ಅಲ್ಲಿಯವರೆಗೆ ಹೆಣ್ಣುಕುದುರೆಗಳಿಂದ ದೂರ ಇರಿಸಿ. ಕೆಲವು ಕುದುರೆಗಳಲ್ಲಿ ಗಂಡಿನ ನಡತೆ ಉಳಿದುಬಿಡುತ್ತದೆ. ಕತ್ತಿ ತೆಗೆಯುವುದು ಹಾರ್ಮೋನನ್ನು, ಕಲಿತ ಚಾಳಿಯನ್ನಲ್ಲ. ಅದಕ್ಕೆ ಮೇಲಿನ ಪಾಠವೇ ಬೇಕು.

ನಿಮ್ಮ ಕೈಮೀರಿದ್ದು ಯಾವಾಗ

ಕಿವಿ ಅಂಟಿಸಿ ಬಯಲಲ್ಲಿ ಅಟ್ಟಿಸಿಕೊಂಡು ಬಂದರೆ, ಮುಂಗಾಲಿನಿಂದ ಹೊಡೆದರೆ, ಕಚ್ಚಿ ಹಿಡಿದು ಬಿಡದಿದ್ದರೆ, ಹಿಂದೆ ಕಳಿಸಿದಾಗ ಹಿಂಗಾಲ ಮೇಲೆದ್ದು ಮುಂದೆ ಬಂದರೆ ಪಾಠ ಅಲ್ಲಿಗೇ ನಿಲ್ಲಿಸಿ. ಎಳೆಯ ಕುದುರೆಗಳನ್ನು ಪಳಗಿಸಿ ಅನುಭವವಿರುವ ತರಬೇತುದಾರರನ್ನು ಕರೆಸಿ, ಅವರು ನಿಮ್ಮೆದುರೇ ಕೆಲಸ ಮಾಡಲಿ. ಕೋಲಿನಿಂದ, ಉಪವಾಸದಿಂದ ಪಳಗಿಸುತ್ತೇವೆ ಎನ್ನುವವರಿಗೆ ಕೊಡಬೇಡಿ. ಅವರು ಬರುವವರೆಗೆ ಮರಿಯ ಹತ್ತಿರ ಒಬ್ಬರೇ ಹೋಗಬೇಡಿ, ಮಕ್ಕಳನ್ನು ಬಿಡಲೇಬೇಡಿ. ಮೇವು, ನೀರನ್ನು ಹೊರಗಿನಿಂದಲೇ ಹಾಕುವಂತೆ ಗೋದಲಿಯನ್ನು ಬಾಗಿಲ ಪಕ್ಕಕ್ಕೆ ಸರಿಸಿ. ಒಳಗೆ ಸಗಣಿ ತೆಗೆಯುವ ಮೊದಲು ಮರಿಯನ್ನು ಬಯಲಿಗೆ ಬಿಟ್ಟು ಬಾಗಿಲಿಗೆ ಚಿಲಕ ಹಾಕಿಕೊಳ್ಳಿ. ಪರೀಕ್ಷೆಯ ವಿಡಿಯೊ, ಹಲ್ಲು ನೋಡಿಸಿದ ದಿನಾಂಕ, ದಿನದ ಮೇವಿನ ಪಟ್ಟಿ, ಯಾವ ಹೊತ್ತಿನಲ್ಲಿ ಯಾರನ್ನು ಎಲ್ಲಿ ಕಚ್ಚಿತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಬಂದವರು ಮೊದಲು ಕೇಳುವುದು ಅದನ್ನೇ.